ಸ್ಟ್ರಟ್ ಬಾರ್ ಹಾಕಿಸ್ತೀರಾ? ಮೊದಲು ಟೈರ್ ನೋಡಿ ಸ್ವಾಮಿ!

ನಮ್ಮ ಕಡೆ ಹುಡುಗರು ಓಡಿಸೋ ಕೆಎ-07 ನಂಬರಿನ ಹಳೇ ಕಾರುಗಳ ಬಾನೆಟ್ ಎತ್ತಿ ನೋಡಿ. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಬೂಷ್ಟು. ಕೂಲೆಂಟ್ ಇರಬೇಕಾದ ಕಡೆ ಬೋರ್‌ವೆಲ್ ನೀರು. ಆದರೆ ಈ ತುದಿಯಿಂದ ಆ ತುದಿಗೆ ಫಳಫಳ ಹೊಳೆಯುವ ಕೆಂಪು ಸರಳು ಮಾತ್ರ ಹೊಚ್ಚ ಹೊಸದು! ಅದರ ಹೆಸರು ಸ್ಟ್ರಟ್ ಬ್ರೇಸ್. ಅಂಗಡಿಯವರ ಬಾಯಲ್ಲಿ ಸ್ಟ್ರಟ್ ಬಾರ್.

ಮಾರುವವರ ಮಾತು ಹೀಗಿರುತ್ತದೆ: "ಅಣ್ಣಾ, ಇದೊಂದು ಹಾಕಿಸ್ಬಿಡಿ, ತಿರುವಿನಲ್ಲಿ ಗಾಡಿ ಅಲ್ಲಾಡಲ್ಲ. ಗುಂಡಿಗೆ ಬಿದ್ರೂ ಗೊತ್ತಾಗಲ್ಲ. ಮೈಲೇಜೂ ಬರುತ್ತೆ." ಮೂರು ಮಾತಿನಲ್ಲಿ ಮೊದಲನೆಯದು ಅರ್ಧ ಸತ್ಯ. ಎರಡನೆಯದು ಸುಳ್ಳು. ಮೂರನೆಯದಕ್ಕೆ ಏನನ್ನಬೇಕೋ ನೀವೇ ಹೇಳಿ. ಕಾರಿಗೆ ಒಂದೆರಡು ಕೆಜಿ ಕಬ್ಬಿಣ ಹೊರಿಸಿದರೆ ಮೈಲೇಜ್ ಜಾಸ್ತಿಯಾಗೋದು ಯಾವ ಲೋಕದಲ್ಲೋ!

ಸರಳಿನ ಕೆಲಸವೇನು ಅಂತ ನೋಡೋಣ. ಮಾರುತಿ 800ರಿಂದ ಹಿಡಿದು ಇವತ್ತಿನ ಸ್ವಿಫ್ಟ್, ಐ20ವರೆಗೆ ನಮ್ಮ ಸಣ್ಣ ಕಾರುಗಳ ಮುಂಗಾಲಿಗೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಸ್ಪ್ರಿಂಗು, ಶಾಕ್ ಎರಡೂ ಒಂದೇ ಕಂಬದಲ್ಲಿ. ಆ ಕಂಬದ ಕೆಳತುದಿ ಬಾಲ್ ಜಾಯಿಂಟಿನ ಮೂಲಕ ಲೋವರ್ ಆರ್ಮ್‌ಗೆ ಸೇರಿದರೆ, ಮೇಲ್ತುದಿ ಬಾನೆಟ್ಟಿನೊಳಗಿನ ತಗಡಿನ ಗೋಪುರಕ್ಕೆ ಸೇರುತ್ತದೆ. ಜೋರಾಗಿ ತಿರುವು ತೆಗೆದುಕೊಂಡಾಗ ಹೊರಗಡೆಯ ಚಕ್ರದ ಮೇಲೆ ಭಾರ ಬಿದ್ದು ಆ ಗೋಪುರ ಒಂದು ಕೂದಲೆಳೆಯಷ್ಟು ವಾಲುತ್ತದೆ. ಎರಡು ಗೋಪುರಗಳನ್ನು ಅಡ್ಡಲಾಗಿ ಬಿಗಿದು ಆ ವಾಲುವಿಕೆ ಕಡಿಮೆ ಮಾಡುವುದು ಸ್ಟ್ರಟ್ ಬಾರ್. ಅಷ್ಟೇ, ಅದಕ್ಕಿಂತ ಹೆಚ್ಚಿನ ಪವಾಡ ಅದರಲ್ಲಿಲ್ಲ.

ನಮ್ಮೂರಿನ ಭಾಷೆಯಲ್ಲೇ ಹೇಳ್ತೀನಿ. ಟೊಮೆಟೊ ತೋಟದಲ್ಲಿ ನೀಲಗಿರಿ ಕಡ್ಡಿ ನೆಟ್ಟು ಮೇಲೆ ತಂತಿ ಎಳೀತೀವಲ್ಲ, ಹಾಗೆ. ಗಾಳಿಗೆ ಕಡ್ಡಿ ಆ ಕಡೆ ಈ ಕಡೆ ವಾಲದಂತೆ ತಂತಿ ಹಿಡಿಯುತ್ತದೆ, ನಿಜ. ಆದರೆ ಕಡ್ಡಿಯ ಬುಡವೇ ಗೆದ್ದಲು ತಿಂದಿದ್ದರೆ? ಮೇಲೆ ತಂತಿ ಎಷ್ಟು ಬಿಗಿದರೂ ಸಾಲಿಗೆ ಸಾಲೇ ಮಲಗುತ್ತದೆ.

ಈಗ ನಮ್ಮ ರಸ್ತೆಗಳಿಗೆ ಬನ್ನಿ. ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವಾಗ ನಿಮ್ಮ ಕಾರಿಗೆ ಬೀಳುವ ಪೆಟ್ಟು ಯಾವುದು? ಬಣ್ಣ ಬಳಿಯದ ಹಂಪ್ಸು. ಮಾಲೂರಿನ ಕಡೆ? ಇಟ್ಟಿಗೆ ಲಾರಿಗಳು ತುಳಿದು ಮಾಡಿದ ಗುಂಡಿ. ಇವೆಲ್ಲ ಕೆಳಗಿನಿಂದ ಮೇಲಕ್ಕೆ ಬರುವ ಪೆಟ್ಟು. ಅಡ್ಡ ಸರಳಿಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ನುಂಗಬೇಕಾದ್ದು ಟೈರು, ಸ್ಪ್ರಿಂಗು, ಶಾಕು, ಬುಷ್ಷುಗಳು. ಮುಳಬಾಗಿಲಿನ ಮೇಲೆ ಹಾದುಹೋಗುವ ಹೈವೇ 75, ನಮಗೆಲ್ಲ ಇನ್ನೂ ಎನ್‌ಎಚ್ 4, ಅದಂತೂ ಹೆಚ್ಚು ಕಡಿಮೆ ನೆಟ್ಟಗೇ ಇದೆ. ಸರಳಿಗೆ ನಿಜವಾದ ಕೆಲಸ ಸಿಗಬೇಕಾದರೆ ರಾಯಲ್ಪಾಡು ದಾಟಿ, ಮದನಪಲ್ಲಿ ಮೇಲೆ ಹಾರ್ಸ್ಲಿ ಹಿಲ್ಸ್ ಹತ್ತಬೇಕು. ವರ್ಷಕ್ಕೆ ಎಷ್ಟು ಸಲ ಹತ್ತುತ್ತೀರಿ?

ಇನ್ನು ಕೆಲವರು ಬೊಲೆರೋಗೂ ಸ್ಕಾರ್ಪಿಯೋಗೂ "ಒಂದು ಬಾರ್ ಇದ್ರೆ ಕೊಡಿ" ಅಂತ ಕೇಳ್ತಾರೆ! ಅವು ಚಾಸಿ ಮೇಲೆ ಕೂತ ಗಾಡಿಗಳು. ಮುಂಗಾಲು ಸೇರಿರುವುದು ಕೆಳಗಿನ ದಪ್ಪ ಚಾಸಿಗೆ. ಮೇಲಿನ ತಗಡನ್ನು ಬಿಗಿದು ಏನು ಸುಖ? ಸಣ್ಣ ಕಾರುಗಳ ಹಿಂಭಾಗಕ್ಕೆ ಮಾರುವ ಜೋಡಿ ಸರಳೂ ಹಾಗೇ. ಸ್ವಿಫ್ಟ್, ಬಲೆನೋಗಳ ಹಿಂದಿನ ಎರಡು ಚಕ್ರಗಳನ್ನು ಕಂಪನಿಯವರೇ ಒಂದು ಅಡ್ಡ ತೊಲೆಯಿಂದ ಜೋಡಿಸಿರುತ್ತಾರೆ.

ದುಡ್ಡು ದಂಡ ಆಗೋದು ಹೋಗಲಿ ಬಿಡಿ, ಅದು ಅವರವರ ದುಡ್ಡು. ನನ್ನ ಸಿಟ್ಟು ಬೇರೆ ಕಾರಣಕ್ಕೆ. ಸೆಕೆಂಡ್ ಹ್ಯಾಂಡ್ ಕಾರು ತಗೊಂಡು ನರಸಾಪುರದ ಫ್ಯಾಕ್ಟರಿಗಳಿಗೆ ಟ್ರಿಪ್ ಹೊಡೆಯುವ ಹುಡುಗ, "ಮುಂದುಗಡೆ ಕಟಕಟ ಸದ್ದು ಬರ್ತಿದೆ, ಸ್ಪೀಡಲ್ಲಿ ಎಳೀತಿದೆ" ಅಂತ ಬರುತ್ತಾನೆ. ಅವನಿಗೆ ಸರಳು ಹಾಕಿ ಕಳಿಸುತ್ತಾರೆ! ಆ ಸದ್ದು ಸವೆದ ಬಾಲ್ ಜಾಯಿಂಟಿನದು ಇರಬಹುದು, ಹರಿದ ಸ್ಟ್ರಟ್ ಮೌಂಟಿನದು ಇರಬಹುದು. ಬಾಲ್ ಜಾಯಿಂಟ್ ಕಳಚಿಕೊಂಡರೆ ಚಕ್ರ ಮಡಚಿಕೊಂಡು ಗಾಡಿ ಹೈವೇ ಮಧ್ಯದಲ್ಲೇ ಕೂರುತ್ತದೆ. ಹಿಂದೆ ಚೆನ್ನೈ ಲಾರಿ. ಕಾಯಿಲೆಯ ಲಕ್ಷಣ ಹೇಳಿಕೊಂಡು ಬಂದವನಿಗೆ ಒಡವೆ ಮಾರಿ ಕಳಿಸುವುದು ವ್ಯಾಪಾರವಲ್ಲ ಸ್ವಾಮಿ, ಪಾಪ.

ಹಾಗಾದರೆ ಕೈಯಲ್ಲಿರುವ ದುಡ್ಡು ಯಾವುದಕ್ಕೆ ಹಾಕಬೇಕು? ನನ್ನ ಪಟ್ಟಿ ಇದು:

1. ಟೈರು. ಟೈರಿನ ಗಾಡಿಗಳ ಒಳಗೆ ಸಣ್ಣ ಉಬ್ಬುಗಳಿರುತ್ತವೆ. ಮೇಲ್ಮೈ ಸವೆದು ಅವುಗಳ ಸಮಕ್ಕೆ ಬಂದರೆ ಉಳಿದಿರುವುದು 1.6 ಮಿಲಿಮೀಟರ್. ಅಲ್ಲಿಗೆ ಅದರ ಆಯಸ್ಸು ಮುಗಿಯಿತು. ಚೆನ್ನೈ ಕಡೆ ವಾಯುಭಾರ ಕುಸಿದರೆ ಮುಳಬಾಗಿಲಿಗೂ ಮಳೆ. ಬೋಳು ಟೈರು ನೀರಿನ ಮೇಲೆ ಜಾರುವಾಗ ಯಾವ ಸರಳೂ ಹಿಡಿಯುವುದಿಲ್ಲ.

2. ಶಾಕು ಮತ್ತು ಸ್ಟ್ರಟ್ ಮೌಂಟ್. ಶಾಕಿನ ಮೇಲೆ ಎಣ್ಣೆ ಸೋರಿದೆಯಾ ನೋಡಿ. ನಿಂತ ಗಾಡಿಯಲ್ಲಿ ಒಬ್ಬರು ಸ್ಟೇರಿಂಗ್ ತಿರುಗಿಸಲಿ, ನೀವು ಬಾನೆಟ್ ಎತ್ತಿ ಗೋಪುರದ ಮೇಲೆ ಕೈ ಇಡಿ. ಟಕ್ ಅಂತ ಸಿಕ್ಕಿ ಬಿಟ್ಟಂತಾದರೆ ಮೌಂಟ್ ಪರೀಕ್ಷೆ ಮಾಡಿಸಲೇಬೇಕು.

3. ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್. ಜಾಕ್ ಏರಿಸಿ ಚಕ್ರ ಅಲ್ಲಾಡಿಸಿ ನೋಡುವ ಮೆಕ್ಯಾನಿಕ್ ಹತ್ತಿರವೇ ಹೋಗಿ.

4. ವೀಲ್ ಅಲೈನ್‌ಮೆಂಟ್. ಮೇಲಿನ ಮೂರೂ ಆದ ಮೇಲೆ, ಮುಂಚೆ ಅಲ್ಲ.

ಇಷ್ಟೆಲ್ಲ ಸರಿ ಇದ್ದು, ಕಿಸೆಯಲ್ಲಿ ಇನ್ನೂ ದುಡ್ಡು ಮಿಕ್ಕಿದ್ದರೆ ಧಾರಾಳವಾಗಿ ಹಾಕಿಸಿ. ಸರಳೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕಂಪನಿಯಿಂದಲೇ ಹಾಕಿಕೊಂಡು ಬರುವ ಕಾರುಗಳಿವೆ. ಇದೇ ಚೆನ್ನೈ ದಾರಿಯಲ್ಲಿ ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟೆಯಲ್ಲಿ ರೇಸ್ ಟ್ರ್ಯಾಕ್ ಇದೆ, ಅಲ್ಲಿ ಓಡಿಸುವವರಿಗೆ ಇದರ ಬೆಲೆ ಗೊತ್ತು.

ಆದರೆ ಆರಿಸುವಾಗ ಬಣ್ಣ ನೋಡಬೇಡಿ. ಸರಳು ಆದಷ್ಟು ನೆಟ್ಟಗಿರಬೇಕು. ಎಂಜಿನ್ ತಪ್ಪಿಸಲು ಬಿಲ್ಲಿನಂತೆ ಬಾಗಿದ್ದರೆ ಒತ್ತಡ ಬಿದ್ದಾಗ ಅದು ಇನ್ನಷ್ಟು ಬಾಗುತ್ತದೆ, ಗೋಪುರ ಹಿಡಿಯುವುದಿಲ್ಲ. ತುದಿಯ ಪ್ಲೇಟು ದಪ್ಪಗಿರಲಿ, ಬೆಸುಗೆ ಸುತ್ತಲೂ ಇರಲಿ. ಅಲ್ಯೂಮಿನಿಯಂ ಹಗುರ, ಹೌದು, ಆದರೆ ಅದೇ ಗಾತ್ರದ ಉಕ್ಕಿನ ಸರಳಿಗೆ ಹೋಲಿಸಿದರೆ ಅದರ ಬಿಗಿ ಸುಮಾರು ಮೂರನೇ ಒಂದು ಪಾಲು. ಕಾರ್ಬನ್ ಫೈಬರಿನಂತೆ ಕಾಣುವ ಸ್ಟಿಕ್ಕರಿಗೆ ದುಡ್ಡು ಕೊಡಬೇಡಿ.

ಹಾಕಿಸುವಾಗ ಪಕ್ಕದಲ್ಲೇ ನಿಂತಿರಿ. ಗಾಡಿ ಸಮತಟ್ಟು ನೆಲದಲ್ಲಿ, ನಾಲ್ಕೂ ಚಕ್ರ ನೆಲದ ಮೇಲೇ ಇರಬೇಕು, ಜಾಕ್ ಮೇಲಲ್ಲ. ಗೋಪುರದ ಸುತ್ತಲಿನ ಸಣ್ಣ ನಟ್ಟುಗಳನ್ನು ಮಾತ್ರ ಬಿಚ್ಚಬೇಕು. ನಡುವಿನ ದೊಡ್ಡ ನಟ್ಟಿಗೆ ಸ್ಪ್ಯಾನರ್ ಹಾಕಲು ಬಿಡಬೇಡಿ, ಅದರ ಕೆಳಗೆ ಅದುಮಿಟ್ಟ ಸ್ಪ್ರಿಂಗ್ ಇದೆ. ಪ್ಲೇಟ್ ಕೂರಿಸಿದ ಮೇಲೆ ನಟ್ಟಿಗೆ ಪೂರ್ತಿ ಮರೆ ಸಿಗಬೇಕು. ಕಂಪನಿ ಹೇಳಿದ ಟಾರ್ಕ್‌ನಷ್ಟೇ ಬಿಗಿಯಬೇಕು, ಮೊಣಕೈ ಬಲದಷ್ಟಲ್ಲ. ಬಾನೆಟ್ ನಿಧಾನ ಇಳಿಸಿ ನೋಡಿ. ಎಂಜಿನ್ ಅಲುಗಾಡುವುದಕ್ಕೂ ಜಾಗ ಬಿಟ್ಟಿರಬೇಕು. ಸ್ವಲ್ಪ ದಿನ ಓಡಿಸಿ ಮತ್ತೆ ನಟ್ಟು ಪರೀಕ್ಷಿಸಿ. "ಸೆಟ್ ಆಗ್ತಿಲ್ಲ, ಎರಡು ತೂತು ಹೊಡೀಬೇಕು" ಅಂದರೆ ಅಲ್ಲಿಂದ ಎದ್ದು ಬನ್ನಿ. ಆ ತೂತಿನಿಂದಲೇ ತುಕ್ಕು ಶುರು. ಇನ್ನೊಂದು ಮಾತು, ಎರಡು ಗೋಪುರ ಬಿಗಿದ ಮೇಲೆ ಆಕ್ಸಿಡೆಂಟಿನಲ್ಲಿ ಒಂದು ಕಡೆ ಬಿದ್ದ ಪೆಟ್ಟು ಇನ್ನೊಂದು ಕಡೆಗೂ ಹೋಗಬಹುದು.

ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಮೇಲೆ ಹೋಗುವ ಚೆನ್ನೈ ಎಕ್ಸ್‌ಪ್ರೆಸ್‌ವೇನ ನಮ್ಮ ರಾಜ್ಯದ ಭಾಗ 2024ರ ಕೊನೆಯಿಂದ ಗಾಡಿಗಳಿಗೆ ಸಿಕ್ಕಿದೆ. ಹುಡುಗರ ಕಾಲು ಆಕ್ಸಿಲರೇಟರ್ ಮೇಲೆ ಇನ್ನೂ ಭಾರವಾಗಿದೆ. ಅದಕ್ಕೇ ಇಷ್ಟು ಬರೆದೆ. ಅಂಗಡಿಯವರಿಗೆ ನನ್ನ ಮೇಲೆ ಕೋಪ ಬಂದರೆ ಬರಲಿ. ಬಾರ್ ಮಾರುವ ಮುಂಚೆ ಒಂದು ಸಲ ಬಗ್ಗಿ ಟೈರ್ ನೋಡಿ, "ತಮ್ಮಾ, ಮೊದಲು ಇದನ್ನ ಬದಲಾಯಿಸು" ಅಂತ ಹೇಳಿದರೆ ಅವರ ಗಂಟೇನು ಹೋಗುತ್ತದೆ? ನೀವೇ ಹೇಳಿ...