ದುಡಿಯುವ ಗಾಡಿಗೆ ಎಷ್ಟು ಹೊಳಪು ಬೇಕು?

ಹಳೆಯ ಪಿಕಪ್ ಕೊಂಡು ತಂದವರಿಗೆ ಮೊದಲ ವಾರದಲ್ಲೇ ಎರಡು ಬಗೆಯ ಸಲಹೆ ಬರುತ್ತದೆ. “ದುಡಿಯೋ ಗಾಡಿಗೆ ಸಿಂಗಾರ ಯಾಕಣ್ಣ? ಇಂಜಿನ್ ನೋಡ್ಕೊ, ಟೈರ್ ನೋಡ್ಕೊ, ಸೋಪಿನ ಪುಡಿ ಹಾಕಿ ತೊಳೆದು ಲೋಡಿಗೆ ಬಿಡು” ಎನ್ನುತ್ತಾರೆ ಕೆಲವರು. “ಗಾಡಿ ನೋಡೇ ಬಾಡಿಗೆ ಕೊಡೋದು, ಒಂದ್ಸಲ ಫುಲ್ ಪೇಂಟ್ ಹೊಡೆಸಿಬಿಡು” ಎನ್ನುತ್ತಾರೆ ಇನ್ನು ಕೆಲವರು. ಎರಡೂ ಅನುಭವಸ್ಥರ ಮಾತುಗಳೇ. ಎರಡರಲ್ಲೂ ಸತ್ಯವಿದೆ, ಎರಡನ್ನೂ ಕಣ್ಣುಮುಚ್ಚಿ ಪಾಲಿಸಿದರೆ ನಷ್ಟವೂ ಇದೆ. ಬೊಲೆರೊ ಪಿಕಪ್ ಆಗಲಿ, 2005ರಲ್ಲಿ ಮಾರುಕಟ್ಟೆಗೆ ಬಂದು ಹಳ್ಳಿಹಳ್ಳಿ ತಲುಪಿದ ಟಾಟಾ ಏಸ್ ಆಗಲಿ, ಒಂದೊಂದು ಗಾಡಿಯ ಹಿಂದೆ ಒಂದು ಸಂಸಾರ ನಿಂತಿರುತ್ತದೆ. ಅದರ ಮೇಲೆ ಹಾಕುವ ಪ್ರತಿ ರೂಪಾಯಿಗೂ ಲೆಕ್ಕ ಬೇಕು.

ಮೊದಲನೆಯವರ ವಾದ ಗಟ್ಟಿಯಾಗಿದೆ. ಕೋಲಾರದ ಎಪಿಎಂಸಿಗೆ ಟೊಮೆಟೊ ಕ್ರೇಟ್ ಹೊರುವ ಗಾಡಿ, ಊರೊಳಗೆ ಸಿಮೆಂಟು, ಇಟ್ಟಿಗೆ, ಗೊಬ್ಬರ ಸಾಗಿಸುವ ಗಾಡಿ ಇವತ್ತು ಪೇಂಟ್ ಕಂಡರೆ ನಾಳೆಯೇ ಗೀರು ಕಾಣುತ್ತದೆ. ಪೂರ್ತಿ ಪೇಂಟ್‌ಗೆ ಹತ್ತಾರು ಸಾವಿರ ಬೇಕು. ಅದೇ ದುಡ್ಡಿನಲ್ಲಿ ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟ್, ಸವೆದ ಟೈರು ಬದಲಾಯಿಸಬಹುದು. ಗಾಡಿ ಟಿಂಕರಿಂಗ್ ಶೆಡ್ಡಿನಲ್ಲಿ ನಿಂತ ಪ್ರತಿದಿನವೂ ಬಾಡಿಗೆ ಹೋಯಿತು, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಇನ್ನೂ ಒಂದು ಮಾತಿದೆ. ಕಾರ್ಖಾನೆಯಲ್ಲಿ ಕ್ಯಾಬಿನ್ನನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಮೂಲೆಮೂಲೆಗೂ ಪದರ ಹಿಡಿಸಿ, ಆಮೇಲೆ ಒಲೆಯಲ್ಲಿ ಬೇಯಿಸುತ್ತಾರೆ. ರಸ್ತೆ ಬದಿಯ ಶೆಡ್ಡಿನಲ್ಲಿ ಎಷ್ಟೇ ಕೈಚಳಕವಿದ್ದರೂ ಆ ಹಿಡಿತ ಮತ್ತೆ ಸಿಗುವುದಿಲ್ಲ. ಹಾಗಾಗಿ ಮಂಕಾದರೂ ಸರಿ, ಮೂಲ ಬಣ್ಣ ಉಳಿಯಲಿ ಎನ್ನುವುದರಲ್ಲಿ ವಿವೇಕವಿದೆ.

ಎರಡನೆಯವರ ವಾದವೂ ಹಗುರವಲ್ಲ. ಬಣ್ಣ ಇರುವುದು ಬರೀ ಚಂದಕ್ಕಲ್ಲ, ತಗಡಿಗೆ ನೀರು ಗಾಳಿ ತಾಗದಂತೆ ಕಾಯುವುದು ಅದೇ. ಬೇಕರಿ ಮಾಲು, ಹಾಲಿನ ಕ್ಯಾನು, ಮದುವೆ ಮನೆಯ ಸಾಮಾನು ಕಳಿಸುವವರು ಗಬ್ಬು ನಾರುವ, ತುಕ್ಕು ಸುರಿಯುವ ಗಾಡಿ ಕರೆಯುವುದಿಲ್ಲ. ಎಫ್‌ಸಿ ಚಿಂತೆಯೂ ಇದೆ. ಸರಕು ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷವೂ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸಬೇಕು. ಹಳದಿಗಟ್ಟಿದ ಹೆಡ್‌ಲೈಟು, ಕಿತ್ತುಹೋದ ರಿಫ್ಲೆಕ್ಟರ್ ಟೇಪು, ತೂತುಬಿದ್ದ ಬಾಡಿ ಇಟ್ಟುಕೊಂಡು ಆ ಪರೀಕ್ಷೆಗೆ ಹೋಗಲಾಗದು. ಇದಕ್ಕಿಂತ ಮುಖ್ಯವಾಗಿ, ದಿನದ ಹತ್ತು ಗಂಟೆ ಆ ಕ್ಯಾಬಿನ್ನಿನಲ್ಲೇ ಕಳೆಯುವ ಮನುಷ್ಯನಿಗೆ ಅದು ಚೊಕ್ಕಟವಾಗಿರಬೇಕು ಎನ್ನುವ ಆಸೆ ಇದ್ದರೆ ಅದು ಶೋಕಿಯಲ್ಲ.

ಹಾಗಾದರೆ ಯಾವುದಕ್ಕೆ ಯಾವ ವಸ್ತು? ತೊಳೆಯುವುದರಿಂದಲೇ ಶುರು ಮಾಡೋಣ. ಬಟ್ಟೆ ಒಗೆಯುವ ಸೋಪಿನ ಪುಡಿಯಲ್ಲಿ ವಾಷಿಂಗ್ ಸೋಡಾ ಇರುತ್ತದೆ, ಅದರ ಕ್ಷಾರ ಹೆಚ್ಚು. ಜಿಡ್ಡು ಬಿಡಿಸುವ ಶಕ್ತಿ ಇರುವುದೂ ಅದರಿಂದಲೇ. ಆದರೆ ಅದು ಜಿಡ್ಡಿನ ಜೊತೆಗೆ ಬಣ್ಣದ ಮೇಲಿನ ವ್ಯಾಕ್ಸನ್ನೂ ಎತ್ತಿಬಿಡುತ್ತದೆ. ವಾರವಾರ ಹಾಗೆಯೇ ತೊಳೆದರೆ ಬಣ್ಣ ಬಿಸಿಲಿಗೆ ಬರಿಮೈ ಒಡ್ಡುತ್ತದೆ, ರಬ್ಬರ್ ಬೀಡಿಂಗ್ ಒಣಗುತ್ತದೆ. ಕಾರ್ ಶಾಂಪೂ ಹೆಚ್ಚುಕಡಿಮೆ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ಹದದಲ್ಲಿರುತ್ತದೆ, ಬಾಟಲಿ ಮುಚ್ಚಳದ ಅಳತೆಯಲ್ಲಿ ಒಂದು ಬಕೆಟ್ಟಿಗೆ ಸಾಕಾಗುತ್ತದೆ. ದಿನ ಲೆಕ್ಕಕ್ಕೆ ಅದೇನೂ ದುಬಾರಿಯಲ್ಲ. ಹಾಗೆಂದು ಸೋಪನ್ನು ಪೂರ್ತಿ ಬಹಿಷ್ಕರಿಸಬೇಕಿಲ್ಲ. ಪಾಲಿಶ್ ಮಾಡುವ ಮೊದಲು ಹಳೆಯ ವ್ಯಾಕ್ಸು, ಜಿಡ್ಡು ಎಲ್ಲ ಹೋಗಲೇಬೇಕು. ಆ ಒಂದು ಸಲಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಸರಿಯಾದ ಆಯ್ಕೆ. ಲೋಡ್ ಬಾಡಿಯ ಚೆಕ್ಕರ್ ಪ್ಲೇಟಿಗೂ ಸೋಪಿನ ಪುಡಿಯೇ ಸಾಕು.

ಯಾವ ಸೋಪು ಎನ್ನುವಷ್ಟೇ ಮುಖ್ಯ ತೊಳೆಯುವ ರೀತಿ. ಧೂಳು ಕೂತ ಬಾನೆಟ್ಟನ್ನು ಒಣಬಟ್ಟೆಯಲ್ಲಿ ಒರೆಸಿದರೆ ಪ್ರತಿ ಕಣವೂ ಗೀರು ಬಿಡುತ್ತದೆ. ಮೊದಲು ನೀರು ಹಾಯಿಸಬೇಕು, ಆಮೇಲೆ ಮೇಲಿನಿಂದ ಕೆಳಕ್ಕೆ ಉಜ್ಜಬೇಕು. ಸೋಪಿನ ನೀರಿಗೊಂದು ಬಕೆಟ್, ಬಟ್ಟೆ ಜಾಲಿಸಲು ಇನ್ನೊಂದು ಬಕೆಟ್ ಇಟ್ಟರೆ ಜಾಲಿಸಿದ ಮಣ್ಣು ಮತ್ತೆ ಬಣ್ಣದ ಮೇಲೆ ಹೋಗುವುದಿಲ್ಲ. ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು. ಬಿಸಿಲಲ್ಲಿ ಹಾಗೆಯೇ ಒಣಗಲು ಬಿಟ್ಟರೆ ಸುಣ್ಣದ ಬಿಳಿ ಚುಕ್ಕೆ ಗಾಜಿಗೂ ಬಣ್ಣಕ್ಕೂ ಅಂಟಿಕೊಳ್ಳುತ್ತದೆ. ನೆರಳಲ್ಲಿ ತೊಳೆದು ಕೂಡಲೇ ಒರೆಸುವುದು ಇದಕ್ಕೆ ಬಿಟ್ಟಿ ಮದ್ದು. ಕೂತುಹೋದ ಚುಕ್ಕೆಗೆ ನೀರು ಬೆರೆಸಿದ ವಿನೆಗರ್ ಸವರಿ ತೊಳೆಯಬಹುದು.

ವಾಟರ್ ಸರ್ವಿಸ್‌ಗೆ ಬಿಟ್ಟರೆ ತೊಳೆದಾದ ಮೇಲೆ ತಳಕ್ಕೆ ಡೀಸೆಲ್ ಹೊಡೆಯುವುದು ನಮ್ಮ ಕಡೆ ರೂಢಿ. ಇದಕ್ಕೂ ಕಾರಣವಿದೆ. ಎಣ್ಣೆಯ ಪದರ ಕಬ್ಬಿಣಕ್ಕೆ ನೀರು ತಾಗದಂತೆ ಸ್ವಲ್ಪ ಕಾಲ ತಡೆಯುತ್ತದೆ, ಲೀಫ್ ಸ್ಪ್ರಿಂಗಿನ ಕಿರಿಕಿರಿ ಸದ್ದು ಕಡಿಮೆಯಾಗುತ್ತದೆ, ನೋಡಲು ಚಾಸಿ ಕರ್ರಗೆ ಹೊಸದರಂತೆ ಕಾಣುತ್ತದೆ. ಆದರೆ ಡೀಸೆಲ್ ತಗುಲಿದ ರಬ್ಬರ್ ಬುಷ್, ಬೀಡಿಂಗ್ ಉಬ್ಬಿ ಮೆತ್ತಗಾಗುತ್ತವೆ. ಎಣ್ಣೆಗೆ ಧೂಳು ಮೆತ್ತಿ ಕೆಸರಿನ ಹೊದಿಕೆಯಾಗುತ್ತದೆ. ಬ್ರೇಕ್ ಲೈನಿಂಗಿಗೆ ಹಾರಿದರಂತೂ ಅಪಾಯ ಖಚಿತ. ಬಾಗಿಲ ಕೆಳಗೆ ಅಂಟಿದ ಡಾಂಬರಿನ ಚುಕ್ಕೆ ತೆಗೆಯಲು ಬಟ್ಟೆಗೆ ನಾಲ್ಕು ಹನಿ ಡೀಸೆಲ್ ಹಾಕಿ ಒರೆಸಿ, ಆ ಜಾಗವನ್ನು ಶಾಂಪೂವಿನಲ್ಲಿ ತೊಳೆದುಬಿಡಿ, ಅಷ್ಟಕ್ಕೆ ಅದು ಒಳ್ಳೆಯದೇ. ತಳದ ರಕ್ಷಣೆಗೆ ಅಂಡರ್‌ಬಾಡಿ ಕೋಟಿಂಗ್ ಉತ್ತಮ ಎನ್ನುವವರು ಒಂದು ಷರತ್ತನ್ನೂ ಹೇಳಬೇಕು: ತುಕ್ಕು ಕೆರೆಯದೆ ಅದರ ಮೇಲೆಯೇ ಕಪ್ಪು ಕೋಟಿಂಗ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ತಗಡನ್ನು ಇನ್ನೂ ಬೇಗ ತಿನ್ನುತ್ತದೆ.

ಇನ್ನು ದೊಡ್ಡ ಪ್ರಶ್ನೆ, ಪಾಲಿಶೋ ಪೇಂಟೋ ಎಂಬುದು. ಇದನ್ನು ಅಂಗಡಿಯವರ ಬಾಯಿಂದ ಕೇಳುವ ಬದಲು ಗಾಡಿಯ ಮೈಯಿಂದಲೇ ಕೇಳಬಹುದು. ಮಂಕಾದ ಬಾಗಿಲಿಗೆ ನೀರು ಸವರಿ ನೋಡಿ. ಒದ್ದೆಯಿದ್ದಾಗ ಬಣ್ಣ ಕಳೆಕಟ್ಟಿದರೆ ರಬ್ಬಿಂಗ್ ಪಾಲಿಶ್‌ನಿಂದ ಮೇಲಾಗುವ ಸಾಧ್ಯತೆ ಹೆಚ್ಚು. ಗೀರಿನ ಅಡ್ಡಕ್ಕೆ ಉಗುರು ಎಳೆದಾಗ ಉಗುರು ಸಿಕ್ಕಿಕೊಂಡರೆ ಅದು ಪಾಲಿಶ್‌ಗೆ ಹೋಗುವ ಗೀರಲ್ಲ. ಬಿಳಿ ಗಾಡಿಯಲ್ಲದಿದ್ದರೆ ಬಿಳಿ ಬಟ್ಟೆಗೆ ಕಾಂಪೌಂಡ್ ಹಚ್ಚಿ ಮರೆಯ ಜಾಗದಲ್ಲಿ ಉಜ್ಜಿ ನೋಡಿ. ಬಟ್ಟೆಗೆ ಗಾಡಿಯ ಬಣ್ಣ ಹತ್ತಿದರೆ ಮೇಲೆ ಕ್ಲಿಯರ್ ಕೋಟ್ ಇಲ್ಲ ಎಂದರ್ಥ, ನೀವು ನೇರವಾಗಿ ಬಣ್ಣವನ್ನೇ ಸವೆಸುತ್ತಿದ್ದೀರಿ. ಕ್ಲಿಯರ್ ಕೋಟ್ ಇದ್ದರೂ ಅದು ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಒಂದು ತಲೆಗೂದಲಿಗಿಂತ ತೆಳು. ಪ್ರತಿ ಸಲ ರಬ್ಬಿಂಗ್ ಮಾಡಿದಾಗಲೂ ಅದು ಸವೆಯುತ್ತದೆ. ಹಾಗಾಗಿ ಕೊಂಡ ಹೊಸತರಲ್ಲಿ ಒಮ್ಮೆ ರಬ್ಬಿಂಗ್ ಮಾಡಿಸಿ, ಆಮೇಲೆ ಮೂರು ನಾಲ್ಕು ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚಿಕೊಂಡು ಹೋಗುವುದು ಕ್ಷೇಮ. ಆಯುಧಪೂಜೆಗೊಮ್ಮೆ ಯಂತ್ರ ಹಾಕಿ ಉಜ್ಜಿಸುವ ಅಭ್ಯಾಸ ಬಣ್ಣದ ಆಯಸ್ಸನ್ನು ಕಡಿಮೆ ಮಾಡುತ್ತದೆ.

ಪೇಂಟೇ ಬೇಕಾಗುವ ಸಂದರ್ಭಗಳೂ ಇವೆ. ಕ್ಲಿಯರ್ ಕೋಟ್ ಪೊರೆಪೊರೆಯಾಗಿ ಏಳುತ್ತಿದ್ದರೆ ಯಾವ ಪಾಲಿಶೂ ಅದನ್ನು ಕೂರಿಸಲಾರದು. ಲೋಡ್ ಬಾಡಿಯಲ್ಲಿ ತುಕ್ಕು ಹಿಡಿದಿದ್ದರೆ ಕಾಯುವುದೇ ತಪ್ಪು. ಮಲ್ಪೆ, ಮಂಗಳೂರು, ಕಾರವಾರದ ಕಡೆ ಮೀನು ಹೊತ್ತ ಗಾಡಿಗಳ ಮೇಲೆ ಕರಗಿದ ಐಸಿನ ಉಪ್ಪುನೀರು ಸದಾ ಹರಿದಿರುತ್ತದೆ, ಗೊಬ್ಬರ ಹೊತ್ತ ಗಾಡಿಯ ಮೂಲೆಗಳಲ್ಲಿ ಲವಣ ಕೂತಿರುತ್ತದೆ. ಅಂಥ ಕಡೆ ತಂತಿ ಬ್ರಷ್‌ನಲ್ಲಿ ಸಡಿಲ ತುಕ್ಕು ಕೆರೆದು, ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲದ ರಸ್ಟ್ ಕನ್ವರ್ಟರ್ ಹಚ್ಚಿ, ಒಣಗಿದ ಮೇಲೆ ಪ್ರೈಮರ್, ಅದರ ಮೇಲೆ ಪೇಂಟ್ ಹಾಕಬೇಕು. ಇದು ಲೋಡ್ ಬಾಡಿಗೆ ಮಾತ್ರ, ಪೂರ್ತಿ ಗಾಡಿಗಲ್ಲ. ಚಾಸಿ ನಂಬರ್ ಕೊರೆದಿರುವ ಜಾಗಕ್ಕೆ ಗ್ರೈಂಡರ್ ತಾಗಲೇಬಾರದು, ಎಫ್‌ಸಿ ವೇಳೆ ಪೆನ್ಸಿಲ್ ಉಜ್ಜಿ ಅದರ ಅಚ್ಚು ತೆಗೆಯುತ್ತಾರೆ. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪಿನ ಮೇಲೆ ಬಣ್ಣ ಹಾರದಂತೆ ನೋಡಿಕೊಳ್ಳಬೇಕು. ಆರ್‌ಸಿಯಲ್ಲಿ ನಮೂದಾದ ಬಣ್ಣವನ್ನೇ ಬದಲಿಸುವುದಾದರೆ ಮೊದಲು ಆರ್‌ಟಿಒ ಕಚೇರಿಗೆ ಹೋಗಬೇಕು.

ಚಿಕ್ಕ ಕೆಲಸಗಳಲ್ಲಿ ಖರ್ಚಿಗಿಂತ ಫಲ ದೊಡ್ಡದು. ಹೆಡ್‌ಲೈಟ್ ಹೊದಿಕೆ ಪಾಲಿಕಾರ್ಬನೇಟ್‌ನದಾಗಿದ್ದರೆ ಬಿಸಿಲಿಗೆ ಹಳದಿಯಾಗುತ್ತದೆ. ಟೂತ್‌ಪೇಸ್ಟ್ ಉಜ್ಜಿದರೆ ಕೆಲವು ದಿನ ತಿಳಿಯಾಗುವುದು ನಿಜ. ಬಾಳಿಕೆ ಬೇಕಾದರೆ 1000, 2000, 3000 ನಂಬರಿನ ವಾಟರ್ ಪೇಪರ್‌ನಲ್ಲಿ ಹಂತಹಂತವಾಗಿ ಉಜ್ಜಿ, ಪಾಲಿಶ್ ಮಾಡಿ, ಬಿಸಿಲು ತಡೆಯುವ ಲೇಪನ ಹಾಕಬೇಕು. ಲೇಪನವಿಲ್ಲದೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಮಬ್ಬು. ಬಂಪರು, ಡ್ಯಾಶ್‌ಬೋರ್ಡಿಗೆ ಹಚ್ಚುವ ಸಿಲಿಕಾನ್ ಪಾಲಿಶ್ ಕ್ಷಣದಲ್ಲಿ ಕಪ್ಪು ಮಿನುಗು ಕೊಡುತ್ತದೆ. ಸ್ಟೀರಿಂಗ್, ಪೆಡಲ್ ಮೇಲೆ ಅದು ಜಾರುತ್ತದೆ, ಡ್ಯಾಶ್‌ಬೋರ್ಡಿನ ಮಿನುಗು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಕಣ್ಣಿಗೆ ಹೊಡೆಯುತ್ತದೆ, ಪೇಂಟ್ ಮಾಡುವ ಜಾಗಕ್ಕೆ ತಗುಲಿದರೆ ಹೊಸ ಬಣ್ಣ ಗುಳಿಗುಳಿಯಾಗುತ್ತದೆ. ಒಳಗಿನ ವಾಸನೆಗೆ ಅಡುಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟು ಗುಡಿಸುವುದು ಸುಗಂಧದ ಬಾಟಲಿಗಿಂತ ಮೇಲು. ಬ್ಲೀಚಿಂಗ್ ಪೌಡರ್ ಮತ್ತು ಟಾಯ್ಲೆಟ್ ತೊಳೆಯುವ ಆಸಿಡ್ ಎರಡನ್ನೂ ಒಂದೇ ಕಡೆ ಬಳಸಲೇಬೇಡಿ. ಅವು ಬೆರೆತರೆ ಕ್ಲೋರಿನ್ ಅನಿಲ ಹುಟ್ಟುತ್ತದೆ, ಮುಚ್ಚಿದ ಕ್ಯಾಬಿನ್ನಿನಲ್ಲಿ ಅದು ಪ್ರಾಣಕ್ಕೇ ಅಪಾಯ.

ಈ ಲೆಕ್ಕದಲ್ಲಿ ಗಾಡಿಯ ಮಾಲೀಕ ಒಬ್ಬನೇ ಇಲ್ಲ. ಕೆರೆ ದಂಡೆಯಲ್ಲಿ ಗಾಡಿ ತೊಳೆದರೆ ಡೀಸೆಲ್ಲು, ಸೋಪು ಎರಡೂ ಊರಿನ ನೀರಿಗೆ ಸೇರುತ್ತವೆ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಿಗಡಾಯಿಸಿದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ನಿಗದಿ ಮಾಡಿತ್ತು. ಎರಡು ಬಕೆಟ್ಟಿನಲ್ಲಿ ಮುಗಿಸುವ ಕೆಲಸಕ್ಕೆ ಪೈಪು ಹರಿಯಬಿಡುವುದು ಯಾವ ಊರಲ್ಲೂ ಸರಿಯಲ್ಲ. ಪೇಂಟರ್‌ನ ಶ್ವಾಸಕೋಶದ ಮಾತೂ ಇದೆ. ಪಿಯು ಪೇಂಟಿನ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಅಸ್ತಮಾ ತರಬಲ್ಲದು. 2017ರಿಂದ ಜಾರಿಯಲ್ಲಿರುವ 90 ಪಿಪಿಎಂ ಸೀಸದ ಮಿತಿ ಮನೆಗೆ ಬಳಿಯುವ ಬಣ್ಣಕ್ಕೆ ಸಂಬಂಧಿಸಿದ್ದು, ವಾಹನದ ಬಣ್ಣಕ್ಕಲ್ಲ. ಆದ್ದರಿಂದ ಸೀಸವಿರಬಹುದಾದ ಹಳೆಯ ಬಣ್ಣವನ್ನು ಒಣಗಿದ್ದಂತೆ ಉಜ್ಜಿ ಪುಡಿ ಹಾರಿಸದೆ, ನೀರು ಹಾಕಿ ಉಜ್ಜುವುದೇ ಸುರಕ್ಷಿತ. ಕೆಲಸ ಒಪ್ಪಿಸುವ ಮುನ್ನ ಮಾಸ್ಕ್ ಇದೆಯೇ ಎಂದು ಕೇಳುವುದು, ಇಲ್ಲದಿದ್ದರೆ ಕೊಡಿಸುವುದು ನಮ್ಮ ಹೊಣೆ.

ಎರಡೂ ಕಡೆಯ ಮಾತನ್ನು ತೂಗಿದ ಮೇಲೆ ನನ್ನ ತೀರ್ಮಾನ ಹೀಗೆ. ದುಡ್ಡು ಮೊದಲು ಬ್ರೇಕು, ಟೈರು, ದೀಪಕ್ಕೆ ಹೋಗಲಿ. ಎರಡನೆಯದು ತುಕ್ಕಿಗೆ. ಮೂರನೆಯದು ಶಾಂಪೂ, ಒಂದು ಸಲದ ಕಾಂಪೌಂಡ್, ವ್ಯಾಕ್ಸಿಗೆ. ಪೂರ್ತಿ ಪೇಂಟ್ ಕೊನೆಯದು, ಅದೂ ಮೂಲ ಬಣ್ಣ ನಿಜವಾಗಿ ಸತ್ತಿದ್ದರೆ ಮಾತ್ರ. ಮಾರುವ ಹಿಂದಿನ ವಾರ ಮಾಡಿಸುವ ಪೇಂಟನ್ನಂತೂ ನಾನು ಒಪ್ಪಲಾರೆ. ತೊಳೆದು ಪಾಲಿಶ್ ಮಾಡಿದರೆ ಗಾಡಿಯ ನಿಜಸ್ಥಿತಿ ಕಾಣುತ್ತದೆ, ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಅದು ಮರೆಯಾಗುತ್ತದೆ. ಕೊಳ್ಳಲು ಹೋಗುವವರು ತೆಳುಬಟ್ಟೆ ಸುತ್ತಿದ ಒಂದು ಅಯಸ್ಕಾಂತ ಜೇಬಿನಲ್ಲಿಟ್ಟುಕೊಳ್ಳಿ. ಬಾಗಿಲ ಕೆಳಗೆ, ಚಕ್ರದ ಮೇಲಿನ ಕಮಾನಿನಲ್ಲಿ, ಕ್ಯಾಬಿನ್ನಿನ ಮೂಲೆಗಳಲ್ಲಿ ಇಟ್ಟು ನೋಡಿ. ಪುಟ್ಟಿ ದಪ್ಪವಿದ್ದ ಕಡೆ ಅದು ಹಿಡಿಯುವುದಿಲ್ಲ. ಹಾಗೆಯೇ ನಿಮ್ಮ ಗಾಡಿಯ ತುಕ್ಕು ರಿಪೇರಿ ಮಾಡಿಸುವಾಗ ಪ್ರೈಮರ್ ಹಾಕುವ ಮುಂಚೆ ಫೋಟೊ ತೆಗೆದಿಡಿ, ಮುಂದೊಂದು ದಿನ ಮಾರುವಾಗ ಕೊಳ್ಳುವವರ ಕೈಗೆ ಬಿಲ್ಲಿನ ಜೊತೆ ಅದನ್ನೂ ಕೊಡಿ.