ಕೈ ಸೋಲುವ ತನಕ ಭಾರವನ್ನೆತ್ತಬೇಕೆ?

ಬೆಳೆದ ಮಕ್ಕಳಿರುವ ಮನೆಗಳಲ್ಲಿ ಈಚೆಗೆ ಒಂದು ವಾದವು ಆಗಾಗ ಕೇಳಿಬರುತ್ತಿದೆ. ಜಿಮ್ ಎಂದು ಈಗಿನವರು ಕರೆಯುವ ವ್ಯಾಯಾಮಶಾಲೆಗೆ ಹೋಗಿಬರುವ ತರುಣನು, ಕೈಯೆತ್ತಿ ಅಂಗಿಯನ್ನು ಕಳಚಲಾರದಷ್ಟು ದಣಿದು ಮನೆಗೆ ಬರುತ್ತಾನೆ. ತಾಯಿ ಮರುಗುತ್ತಾಳೆ. ಮಗನಾದರೋ, "ಇನ್ನೊಂದು ಸಲ ಎತ್ತಲು ಸಾಧ್ಯವೇ ಇಲ್ಲವೆನ್ನುವ ತನಕ ಎತ್ತದಿದ್ದರೆ, ಅಷ್ಟು ಹೊತ್ತು ಎತ್ತಿದ್ದೆಲ್ಲವೂ ವ್ಯರ್ಥವಮ್ಮಾ" ಎನ್ನುತ್ತಾನೆ. ಇದನ್ನು ಕೇಳಿದ ತಂದೆಯು, ಇಷ್ಟು ಕಷ್ಟದ ವಿದ್ಯೆ ತನ್ನ ವಯಸ್ಸಿಗೆ ತಕ್ಕುದಲ್ಲವೆಂದು ಸುಮ್ಮನಾಗುತ್ತಾನೆ. ಮಗನ ಮಾತು ನಿಜವೇ ಎಂಬುದನ್ನು ಈ ತಿಂಗಳು ವಿಚಾರಿಸೋಣ. ಆ ಒಂದು ನಂಬಿಕೆಯಿಂದ ಮಗನಿಗೂ ಕೇಡಾಗಬಹುದು, ತಂದೆತಾಯಿಗಳಿಗೂ ಕೇಡಾಗಬಹುದು.

ಈ ನಂಬಿಕೆಗೆ ಒಂದು ಚರಿತ್ರೆಯುಂಟು. ಭಾರವೆತ್ತುವುದನ್ನು ಚಿಕಿತ್ಸೆಯಾಗಿ ಕ್ರಮಪಡಿಸಿದವರಲ್ಲಿ ಅಮೆರಿಕದ ಸೇನಾವೈದ್ಯ ಥಾಮಸ್ ಡಿಲಾರ್ಮ್ ಮುಖ್ಯನು. ಗಾಯಗೊಂಡ ಸೈನಿಕರಲ್ಲಿ ತಾನು ನಡೆಸಿದ ಪ್ರಯೋಗವನ್ನು ಅವನು 1945ರಲ್ಲಿ ಪ್ರಕಟಿಸಿದನು. 1948ರಲ್ಲಿ ಅವನೂ ಅವನ ಸಂಗಡಿಗನೂ ಸೂಚಿಸಿದ ಕ್ರಮವು ಹೀಗಿದೆ: ಹತ್ತು ಸಲ ಮಾತ್ರ ಎತ್ತಬಲ್ಲ ಭಾರವನ್ನು ಮೊದಲು ಗೊತ್ತುಮಾಡಿಕೊಳ್ಳುವುದು; ಅದರ ಅರ್ಧವನ್ನು ಹತ್ತು ಸಲ, ಮುಕ್ಕಾಲನ್ನು ಹತ್ತು ಸಲ, ಪೂರ್ತಿಯನ್ನು ಹತ್ತು ಸಲ ಎತ್ತುವುದು. ಇಲ್ಲಿ ಕೊನೆಯ ಸರದಿಯೊಂದೇ ಶಕ್ತಿಯ ಎಲ್ಲೆಯನ್ನು ಮುಟ್ಟುತ್ತದೆ. ಮುಂದೆ 1970ರ ದಶಕದಲ್ಲಿ, ವ್ಯಾಯಾಮಯಂತ್ರಗಳನ್ನು ನಿರ್ಮಿಸಿದ ಆರ್ಥರ್ ಜೋನ್ಸ್ ಎಂಬವನು, ಒಂದೇ ಸರದಿ ಸಾಕು, ಆದರೆ ಅದು ಪೂರ್ತಿ ಸೋಲುವ ತನಕ ಸಾಗಬೇಕು ಎಂದು ಬೋಧಿಸಿದನು. ಆ ಬೋಧನೆಯು ದೇಶಾಂತರಗಳಲ್ಲಿ ಹಬ್ಬಿ, ಇಂದು ನಮ್ಮ ಹುಡುಗರ ಬಾಯಲ್ಲಿ ಸಿದ್ಧಾಂತವಾಗಿ ನಿಂತಿದೆ.

ಸಿದ್ಧಾಂತದಲ್ಲಿ ತಥ್ಯವಿಲ್ಲದೆ ಇಲ್ಲ. ಮಾಂಸಖಂಡವು ಅಸಂಖ್ಯಾತ ತಂತುಗಳ ಕಟ್ಟು. ಒಂದೊಂದು ನರತಂತುವು ಅವುಗಳಲ್ಲಿ ಒಂದೊಂದು ಗುಂಪನ್ನು ಆಳುತ್ತದೆ. ಕೆಲಸವು ಹಗುರವಾಗಿದ್ದಾಗ ಸಣ್ಣ ಗುಂಪುಗಳಷ್ಟೇ ದುಡಿಯುತ್ತವೆ. ಭಾರವು ಹೆಚ್ಚಿದಂತೆ, ಇಲ್ಲವೆ ದಣಿವು ಏರಿದಂತೆ, ದೊಡ್ಡ ಗುಂಪುಗಳಿಗೆ ಕರೆ ಹೋಗುತ್ತದೆ. ಈ ಕ್ರಮವನ್ನು ಹೆನೆಮನ್ ಎಂಬ ವಿಜ್ಞಾನಿಯು 1965ರಲ್ಲಿ ವಿಶದಪಡಿಸಿದನು. ಆದುದರಿಂದ ಭಾರವು ಸಾಕಷ್ಟಿದ್ದರೆ ದೊಡ್ಡ ಗುಂಪುಗಳು ಮೊದಮೊದಲೇ ಕೆಲಸಕ್ಕಿಳಿಯುತ್ತವೆ. ತೀರ ಹಗುರವಾದ ಭಾರವನ್ನೆತ್ತುವವನು ಮಾತ್ರ ದಣಿವಿನ ಅಂಚಿಗೆ ಹೋಗಬೇಕಾಗುತ್ತದೆ. ಅಂಚಿನ ಸಮೀಪಕ್ಕೆ ಹೋಗುವುದು ಅವಶ್ಯ. ಅಂಚನ್ನು ದಾಟಿ ಬೀಳುವುದು ಅವಶ್ಯವಲ್ಲ.

ಪ್ರಯೋಗಗಳೂ ಇದನ್ನೇ ಹೇಳುತ್ತವೆ. ಸೋಲುವ ತನಕ ಎತ್ತಿದವರನ್ನೂ ಅದಕ್ಕೆ ಮುನ್ನವೇ ನಿಲ್ಲಿಸಿದವರನ್ನೂ ಹೋಲಿಸಿದ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2022ರಲ್ಲಿ ವಿಮರ್ಶಿಸಿದಾಗ, ಬಲದಲ್ಲಾಗಲಿ ಮಾಂಸವೃದ್ಧಿಯಲ್ಲಾಗಲಿ ಗಣ್ಯವಾದ ಭೇದವು ಒಟ್ಟಾರೆ ಕಂಡುಬರಲಿಲ್ಲ. 2024ರಲ್ಲಿ ಪ್ರಕಟವಾದ ಮತ್ತೊಂದು ವಿಮರ್ಶೆಯು, ಎಲ್ಲೆಗೆ ಸಮೀಪವಾದಷ್ಟೂ ಮಾಂಸವು ತುಸು ಹೆಚ್ಚಾಗಿ ಬೆಳೆಯುವುದೆಂದೂ, ಬಲದ ಮಟ್ಟಿಗೆ ಹಾಗೇನೂ ಇಲ್ಲವೆಂದೂ ಕಂಡಿತು. ಮೈಕಟ್ಟಿನ ಪ್ರದರ್ಶನಕ್ಕೆ ನಿಲ್ಲುವವನಿಗೆ ಆ ತುಸುವು ಬೇಕಾದೀತು. ಸಂಸಾರಿಗೆ ಬೇಕಾದದ್ದು ಬಲ. ನಮ್ಮ ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 56 ಕಿಲೋ ವರ್ಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿಯ ಪದಕವನ್ನು ಪಡೆದರಷ್ಟೆ. ಆ ಸ್ಪರ್ಧೆಯ ಅಭ್ಯಾಸಿಗಳು ಸಾಮಾನ್ಯವಾಗಿ ಒಂದು ಸರದಿಯಲ್ಲಿ ಎತ್ತುವುದೇ ಕೆಲವು ಸಲ. ಎತ್ತುವ ಕ್ರಮ ಕೆಡುವ ಮುನ್ನ ಭಾರವನ್ನು ಕೆಳಗಿಳಿಸುತ್ತಾರೆ.

ಸಂಸ್ಕೃತದ ವೈದ್ಯಗ್ರಂಥಗಳನ್ನು ಓದಿದವರಿಗೆ ಇಲ್ಲಿ ಬಲಾರ್ಧವೆಂಬ ಮಾತು ನೆನಪಾಗದಿರದು. ಸುಶ್ರುತಸಂಹಿತೆಯು ವ್ಯಾಯಾಮವನ್ನು ಬಹಳವಾಗಿ ಹೊಗಳಿ, ಅದನ್ನು ತನ್ನ ಬಲದ ಅರ್ಧದಷ್ಟು ಮಾತ್ರ ಮಾಡತಕ್ಕದ್ದೆಂದು ವಿಧಿಸುತ್ತದೆ; ಉಸಿರು ಬಾಯಿಗೆ ಬರುವುದೇ ಆ ಅರ್ಧದ ಲಕ್ಷಣವೆಂದೂ ಹೇಳುತ್ತದೆ. ಅತಿಯಾಗಿ ಶ್ರಮಿಸಿದವನು ಆನೆಯನ್ನು ಎಳೆಯಹೋದ ಸಿಂಹದಂತೆ ಅಳಿಯುವನೆಂದು ವಾಗ್ಭಟನ ಎಚ್ಚರಿಕೆ. ಹಾಗೆಂದು, ಹಿರಿಯರು ಎಲ್ಲವನ್ನೂ ಮೊದಲೇ ಹೇಳಿಬಿಟ್ಟರೆಂದು ನಾವು ಬೀಗಬಾರದು. ಅವರು ಉಸಿರಿನಿಂದ ಅಳೆದದ್ದು ಇಡೀ ದೇಹದ ಶ್ರಮವನ್ನು. ಇಲ್ಲಿನ ವಿಚಾರ ಒಂದೊಂದು ಮಾಂಸಖಂಡದ ದಣಿವು. ಅದು ಬೆಳೆಯಬೇಕಾದರೆ ಅರ್ಧಕ್ಕಿಂತ ಮುಂದೆಯೇ ಸಾಗಬೇಕು. ಆದರೆ ಬಲವನ್ನು ಪೂರ್ತಿ ವ್ಯಯಮಾಡದೆ ಕೊಂಚ ಉಳಿಸಿಕೊಳ್ಳಬೇಕೆಂಬ ವಿವೇಕವು ಎರಡು ಕಡೆಯೂ ಒಂದೇ.

ಅತಿಯ ಫಲವನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ನಾವು ಬಲ್ಲ ಮನೆಯೊಂದರ ಹುಡುಗನು ವ್ಯಾಯಾಮಶಾಲೆಗೆ ಸೇರಿದ ಮೊದಲ ವಾರದಲ್ಲಿಯೇ, ಜೊತೆಯವರ ಹುರಿದುಂಬಿಸುವಿಕೆಗೆ ಮರುಳಾಗಿ, ತೋಳು ನಡುಗಿ ನಿಲ್ಲುವ ತನಕ ಸರದಿಯ ಮೇಲೆ ಸರದಿ ಎತ್ತಿದನು. ಎರಡು ದಿನ ಕಳೆದ ಮೇಲೆ ತೋಳುಗಳು ಬಾತುಕೊಂಡವು. ಮೂತ್ರವು ಹಾಲಿಲ್ಲದ ಚಹದ ಬಣ್ಣಕ್ಕೆ ತಿರುಗಿತು. ಮಾಂಸತಂತುಗಳು ಒಡೆದು, ಅವುಗಳೊಳಗಿನ ದ್ರವ್ಯವು ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ತೊಡಕಾಗುವ ವ್ಯಾಧಿಯಿದು. ತಾಯಿಯು ತಡಮಾಡದೆ ಆಸ್ಪತ್ರೆಗೆ ಕರೆದೊಯ್ದುದರಿಂದ ಹುಡುಗನು ಚೇತರಿಸಿಕೊಂಡನು. ಇದು ವಿರಳವೇ ಸರಿ. ಆದರೂ ಈ ಚಿಹ್ನೆಯನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ರಕ್ತದೊತ್ತಡವುಳ್ಳವರಿಗೆ ಇನ್ನೊಂದು ಅಪಾಯವುಂಟು: ಉಸಿರನ್ನು ಬಿಗಿಹಿಡಿದು ತಿಣುಕಿದಾಗ ಒತ್ತಡವು ಒಮ್ಮೆಲೆ ಬಹಳವಾಗಿ ಏರುತ್ತದೆ.

ಇದಕ್ಕಿಂತಲೂ ವ್ಯಾಪಕವಾದ ಕೇಡು ಸದ್ದಿಲ್ಲದೆ ನಡೆಯುತ್ತಿದೆ. ಸೋಲುವ ತನಕ ಎತ್ತದಿದ್ದರೆ ಫಲವಿಲ್ಲವೆಂಬ ಮಾತನ್ನು ಕೇಳಿ, ಯಾರಿಗೆ ಈ ವ್ಯಾಯಾಮವು ಅತ್ಯವಶ್ಯವೋ ಅವರೇ ದೂರ ಸರಿಯುತ್ತಾರೆ. ನಡುವಯಸ್ಸು ಕಳೆದ ಮೇಲೆ ಮಾಂಸವೂ ಬಲವೂ ವರ್ಷೇವರ್ಷೇ ಕುಗ್ಗುತ್ತವೆ. ನೆಲದಿಂದೇಳಲು ಗೋಡೆ ಹಿಡಿಯುವ ಅಜ್ಜಿ, ನೀರಿನ ಕೊಡಕ್ಕೆ ಮಗಳನ್ನು ಕೂಗುವ ತಾಯಿ, ಮೆಟ್ಟಿಲಿಗೆ ಹೆದರುವ ತಂದೆ, ಇವರು ಇದನ್ನು ವಯಸ್ಸಿನ ಧರ್ಮವೆಂದು ಸಹಿಸಿಕೊಂಡಿರುತ್ತಾರೆ. ಅದರಲ್ಲಿ ಬಹುಭಾಗವನ್ನು ಮಿತವಾದ ಅಭ್ಯಾಸದಿಂದ ತಡೆಯಬಹುದು. ವಯಸ್ಕರೆಲ್ಲರೂ ವಾರಕ್ಕೆ ಕನಿಷ್ಠ ಎರಡು ದಿನ ಬಲವರ್ಧಕ ವ್ಯಾಯಾಮವನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಲಹೆಯಿತ್ತಿದೆ.

ಕ್ರಮವು ಸುಲಭ. ಹನ್ನೆರಡು ಸಲ ಎತ್ತಬಲ್ಲ ಭಾರವನ್ನು ಹತ್ತು ಸಲ ಎತ್ತಿ ನಿಲ್ಲಿಸತಕ್ಕದ್ದು. ವಿಶ್ರಮಿಸಿ ಮತ್ತೊಂದೆರಡು ಸರದಿ ಮಾಡತಕ್ಕದ್ದು. ಎತ್ತುವ ವೇಗವು ತಾನಾಗಿ ತಗ್ಗುವುದು ಎಲ್ಲೆ ಸಮೀಪಿಸಿತೆಂಬುದರ ಗುರುತು. ಬೆನ್ನು ಬಾಗಿದರೆ, ಉಸಿರು ಕಟ್ಟಿದರೆ ಆಗಲೇ ನಿಲ್ಲಿಸಬೇಕು. ಹೊಸಬರು ಬಹುಮಟ್ಟಿಗೆ ತಮ್ಮಲ್ಲಿ ಉಳಿದಿರುವ ಬಲವನ್ನು ಕಡಿಮೆಯೆಂದೇ ಎಣಿಸುವುದರಿಂದ, ಸುಖವಾಗಿದ್ದಾಗಲೇ ಕೈಬಿಡುವುದೂ ಸಲ್ಲದು. ಹತ್ತು ಸಲವು ಹಗುರವೆನಿಸಿದ ದಿನ ಭಾರವನ್ನು ಸ್ವಲ್ಪ ಏರಿಸಬೇಕು. ಮನೆಯಲ್ಲಿ ಸಲಕರಣೆಯಿಲ್ಲದವರಿಗೆ ಒಂದು ಲೀಟರಿನ ನೀರಿನ ಬಾಟಲಿಯೇ ಒಂದು ಕಿಲೋ ಭಾರ. ಕುರ್ಚಿಯಿಂದ ಕೈಯೂರದೆ ಎದ್ದು ಕೂಡುವುದೇ ಕಾಲಿಗೆ ಬಸ್ಕಿ. ಹೃದ್ರೋಗ, ರಕ್ತದೊತ್ತಡಗಳುಳ್ಳವರು ವೈದ್ಯರನ್ನು ಕೇಳಿ ಆರಂಭಿಸಲಿ. ಮಗನಿಗೆ ವ್ಯಾಯಾಮಶಾಲೆಯನ್ನು ಬಿಡಿಸುವುದು ಬೇಡ. ಎರಡು ಎಣಿಕೆ ಮುಂಚೆ ನಿಲ್ಲಿಸಲು ಅವನಿಗೆ ಹೇಳಿ, ಅವನಿಂದಲೇ ಎತ್ತುವ ಕ್ರಮವನ್ನು ಕಲಿತು, ತಂದೆತಾಯಿಗಳೂ ಈ ವಾರವೇ ಮೊದಲು ಮಾಡುವುದು ಲೇಸು.