ಛಾಯಾಚಿತ್ರ ವಿಚಾರ: ಬಿಳಿಚಿಹೋದ ಬಾನು

ಹೊನ್ನಾವರದ ಕಾಸರಕೋಡು, ಕುಮಟೆಯ ಬಾಡ, ಭಟ್ಕಳ ತಾಲೂಕಿನ ಮುರುಡೇಶ್ವರ, ಈ ಕಡಲತೀರಗಳ ಚಿತ್ರಗಳು ಇಂದು ಮನೆಮನೆಯ ಮೊಬೈಲಿನಲ್ಲಿಯೂ ಇವೆ. ಅವುಗಳಲ್ಲಿ ಬಹುಪಾಲಿನಲ್ಲಿ ಒಂದೇ ಕೊರತೆ ಕಾಣಬರುತ್ತದೆ. ಮರಳುಂಟು, ದೋಣಿಯುಂಟು, ಮಕ್ಕಳ ನಗೆಮೊಗವುಂಟು. ಆಕಾಶವಿರತಕ್ಕ ಸ್ಥಳದಲ್ಲಿ ಮಾತ್ರ ಸುಣ್ಣ ಬಳಿದ ಗೋಡೆಯಂತೆ ಬರಿಯ ಬಿಳುಪು. ದುಬೈಯಲ್ಲೋ ಮುಂಬಯಿಯಲ್ಲೋ ಇರುವ ಮಗನಿಗೆ ಊರಿನ ಮಳೆಮೋಡವನ್ನು ತೋರಿಸಬೇಕೆಂದು ತೆಗೆದ ಚಿತ್ರದಲ್ಲಿ ಮೋಡವೇ ಇಲ್ಲದಿದ್ದರೆ ಕಳುಹಿಸಿ ಫಲವೇನು?

ಇದನ್ನು ಯಂತ್ರದ ದೋಷವೆನ್ನಲಾಗದು. ಅದರ ಸ್ವಭಾವವೇ ಹಾಗೆ. ನಮ್ಮ ಕಣ್ಣು ಬೆಳಕಿನತ್ತ ಹೊರಳಿದಾಗ ಪಾಪೆಯನ್ನು ಕಿರಿದು ಮಾಡಿ, ನೆರಳಿನತ್ತ ಹೊರಳಿದಾಗ ಹಿರಿದು ಮಾಡಿ, ಎರಡನ್ನೂ ಕೂಡಿಸಿ ಮನಸ್ಸಿಗೆ ಒಪ್ಪಿಸುತ್ತದೆ. ಕ್ಯಾಮರಾ ಒಂದು ಸಲಕ್ಕೆ ಒಂದೇ ಅಳತೆಯ ಬೆಳಕನ್ನು ಒಳಬಿಡುವುದು. ಅದರ ಮೇಲೆ, ಎದುರಿನ ದೃಶ್ಯವೆಲ್ಲ ಸರಾಸರಿಯಲ್ಲಿ ಬೂದುಬಣ್ಣದ್ದೆಂದು ಭಾವಿಸಿಯೇ ಆ ಅಳತೆಯನ್ನು ಗೊತ್ತುಮಾಡುವುದು. ಕುಮಟಾ ತಾಲೂಕಿನ ಯಾಣದಲ್ಲಿ ಇದರ ಪರೀಕ್ಷೆ ಚೆನ್ನಾಗಿ ಆಗುತ್ತದೆ. 120 ಮೀಟರು ಎತ್ತರದ ಭೈರವೇಶ್ವರ ಶಿಖರದ ಬುಡದಲ್ಲಿ ನಿಂತು ಕ್ಯಾಮರಾವನ್ನು ಮೇಲಕ್ಕೆ ಹಿಡಿದರೆ, ಕರ್ಗಲ್ಲನ್ನು ಬೂದು ಮಾಡುವ ಆತುರದಲ್ಲಿ ಅದು ಬೆಳಕನ್ನು ಅಧಿಕವಾಗಿ ಒಳಬಿಡುತ್ತದೆ. ಕಲ್ಲಿನ ಕಪ್ಪೂ ಹೋಯಿತು, ಬಾನಿನ ನೀಲಿಯೂ ಹೋಯಿತು. ಕಾಸರಕೋಡಿನ ಮರಳಿನ ಮೇಲೆ ನಡುಹಗಲಿನಲ್ಲಿ ಇದಕ್ಕೆ ವಿಪರೀತ: ಥಳಥಳಿಸುವ ಮರಳು ಬೂದಿಯಂತೆ ಮಂಕಾಗುವುದು.

ಈ ತೊಡಕು ಛಾಯಾಗ್ರಹಣದಷ್ಟೇ ಹಳೆಯದು. ಹಿಂದಿನ ಗಾಜಿನ ಫಲಕಗಳು ನೀಲಿ ಬೆಳಕಿಗೆ ಅತಿಯಾಗಿ ಸೋಲುತ್ತಿದ್ದುದರಿಂದ, ನೆಲ ಮೂಡುವಷ್ಟರಲ್ಲಿ ಆಕಾಶ ಸುಟ್ಟುಹೋಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬಾತನು 1850ರ ದಶಕದಲ್ಲಿ ಕಡಲನ್ನು ಒಂದು ಗಾಜಿನ ಮೇಲೂ ಮೋಡಗಳನ್ನು ಮತ್ತೊಂದರ ಮೇಲೂ ತೆಗೆದು, ಎರಡನ್ನೂ ಒಂದೇ ಕಾಗದದ ಮೇಲೆ ಅಚ್ಚಿಳಿಸಿ ಕೀರ್ತಿ ಪಡೆದನು. ಇಂದಿನ ಮೊಬೈಲಿನಲ್ಲಿ ಎಚ್.ಡಿ.ಆರ್. ಎಂಬ ಏರ್ಪಾಡು ಬೇರೆಬೇರೆ ಅಳತೆಯ ಹಲವು ಚಿತ್ರಗಳನ್ನು ಕ್ಷಣಾರ್ಧದಲ್ಲಿ ಬೆಸೆಯುವುದೂ ಹೆಚ್ಚುಕಡಿಮೆ ಅದೇ ಯುಕ್ತಿಯೇ.

ಆ ಏರ್ಪಾಡಿದ್ದರೂ ಕೈಯಿಂದ ಮಾಡತಕ್ಕ ಕೆಲಸವೊಂದುಂಟು. ಚಿತ್ರ ತೆಗೆಯುವ ಮುನ್ನ ಪರದೆಯ ಮೇಲೆ ಹೆಚ್ಚು ಹೊಳೆಯುವ ಮೋಡವನ್ನು ಬೆರಳಿನಿಂದ ಒತ್ತಿರಿ. ಬೆಳಕಿನ ಗುರುತು ಕಾಣಿಸಿದೊಡನೆ, ಮೋಡದ ಅಂಚುಗಳು ತಿಳಿಯಾಗಿ ತೋರುವವರೆಗೆ ಅದನ್ನು ಕೆಳಕ್ಕೆಳೆಯಿರಿ. ನೆಲವು ಕತ್ತಲಾಯಿತೆಂದು ಅಂಜಬೇಕಾಗಿಲ್ಲ. ಯಾತಕ್ಕೆಂದರೆ, ಕತ್ತಲಲ್ಲಿ ಅಡಗಿದ ವಿವರವನ್ನು ಆಮೇಲೆ ಮೇಲಕ್ಕೆತ್ತಬಹುದು. ಪೂರ್ಣ ಬಿಳುಪಾದೆಡೆಯಲ್ಲಿ ಎತ್ತುವುದಕ್ಕೆ ಏನೂ ಉಳಿದಿರುವುದಿಲ್ಲ. ಅಸ್ತಮಾನದ ಚಿತ್ರದಲ್ಲಿ ಸೂರ್ಯನ ಬಿಂಬವೊಂದು ಬಿಳುಪಾಗಿಯೇ ಇರಲಿ, ಅದನ್ನು ಪಳಗಿಸುವ ಗೋಜಿಗೆ ಹೋಗುವುದು ವ್ಯರ್ಥ. ನಿಮ್ಮ ಕ್ಯಾಮರಾದಲ್ಲಿ ‘ರಾ’ ಎಂಬ ಮೂಲಪ್ರತಿಯನ್ನು ಉಳಿಸುವ ಅನುಕೂಲವಿದ್ದರೆ ಅದನ್ನೇ ಆರಿಸಿಕೊಳ್ಳಿರಿ. ಜಾಗ ಹೆಚ್ಚು ಹಿಡಿದರೂ ತಿದ್ದುವುದಕ್ಕೆ ಅವಕಾಶವೂ ಹೆಚ್ಚು.

ತಿದ್ದುವಾಗ ಮೊದಲು ‘ಹೈಲೈಟ್ಸ್’ ತಗ್ಗಿಸಿ, ಬಳಿಕ ‘ಶ್ಯಾಡೋಸ್’ ಏರಿಸಬೇಕು. ಇಲ್ಲಿ ಕೈ ಹಿಡಿತದಲ್ಲಿರಬೇಕು. ನೆರಳನ್ನು ಅತಿಯಾಗಿ ಎತ್ತಿದರೆ ರವೆ ಚೆಲ್ಲಿದಂತೆ ಕಾಳುಕಾಳಾಗುವುದು. ನೀಲಿಯನ್ನು ಅತಿಯಾಗಿ ಹೆಚ್ಚಿಸಿದರೆ ಹೊನ್ನಾವರದ ಬಾನು ಬಟ್ಟೆಗೆ ಹಾಕುವ ನೀಲಿಯ ಬಕೀಟಿನಂತೆ ತೋರುವುದು. (ಇಂತಹ ಬಾನುಗಳು ಈಗ ಬೇಕಾದಷ್ಟು ಸಂಚರಿಸುತ್ತಿವೆ.)

ನಮ್ಮ ಕರಾವಳಿಯಲ್ಲಿ ಕಡಲು ಪಡುವಣಕ್ಕೂ ಘಟ್ಟ ಮೂಡಣಕ್ಕೂ ಇರುವುದನ್ನು ಮರೆಯಬಾರದು. ಮುಂಜಾನೆ ಕಡಲಿಗೆ ಮುಖಮಾಡಿದರೆ ಬಿಸಿಲು ಬೆನ್ನಹಿಂದಿನಿಂದ ಬೀಳುವುದರಿಂದ ಬಾನು, ನೀರು, ನೆಲ ಮೂರೂ ಒಂದೇ ಅಳತೆಗೆ ಹತ್ತಿರ ಬರುತ್ತವೆ. ಸಾಯಂಕಾಲ ಅದೇ ಸ್ಥಳದಲ್ಲಿ ಬೆಳಕು ಎದುರಾಗುವುದು. ಪೋಲರೈಸರ್ ಎಂಬ ಗಾಜನ್ನು ಕೊಂಡವರು ಅದನ್ನು ಬೆಳಗು ಬೈಗುಗಳಲ್ಲಿ ತೀರದುದ್ದಕ್ಕೆ, ಅಂದರೆ ಉತ್ತರಕ್ಕೋ ದಕ್ಷಿಣಕ್ಕೋ ತಿರುಗಿ ಬಳಸಬೇಕು. ಸೂರ್ಯನಿಂದ ಲಂಬಕೋನದಲ್ಲಿರುವ ಆಕಾಶವನ್ನೇ ಅದು ಗಾಢಗೊಳಿಸುವುದು. ಸೂರ್ಯನು ಮುಳುಗಿದೊಡನೆ ಮನೆಗೆ ಹೊರಡುವವರು ಅತ್ಯುತ್ತಮವಾದ ಇಪ್ಪತ್ತು ನಿಮಿಷಗಳನ್ನು ಕಳೆದುಕೊಳ್ಳುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಶರಾವತಿಯ ಅಳಿವೆಯಲ್ಲಿ ದೋಣಿಗಳು ಸಾಲಾಗಿ ತಂಗಿರುತ್ತವೆ, ಮೇಲೆ ಮೋಡಗಳ ಮೆರವಣಿಗೆ. ಆಕಾಶದ ಚಿತ್ರಕ್ಕೆ ನಮ್ಮ ಮತದಲ್ಲಿ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ನಿರ್ಮಲವಾದ ಬೇಸಗೆಯ ಬಾನನ್ನು ಜನರು ಹೊಗಳುತ್ತಾರೆ, ಆದರೆ ಚಿತ್ರದಲ್ಲಿ ಅದು ಖಾಲಿ ಹಾಳೆಯೇ ಸರಿ.

ಈಗ ಒಂದು ಗುಂಡಿ ಒತ್ತಿದರೆ ಇಡೀ ಆಕಾಶವನ್ನೇ ಕಿತ್ತು ಬೇರೊಂದನ್ನು ಅಂಟಿಸುವ ತಂತ್ರಗಳು ಬಂದಿವೆ. ಲ ಗ್ರೇಯು ಸಹ ಒಂದೇ ಮೋಡವನ್ನು ಎರಡು ಚಿತ್ರಗಳಿಗೆ ಬಳಸಿದ್ದುಂಟಲ್ಲವೇ ಎಂದು ಕೆಲವರು ವಾದಿಸಬಹುದು. ಆತನ ಗಾಜಿಗೆ ಮೋಡವನ್ನೂ ಕಡಲನ್ನೂ ಒಟ್ಟಿಗೆ ಹಿಡಿಯುವ ಶಕ್ತಿ ಸಾಲದಾಗಿತ್ತು. ನಮಗೆ ಆ ನೆವವಿಲ್ಲ. ಮಿರ್ಜಾನ ಕೋಟೆಯ ಪಾಚಿಗಟ್ಟಿದ ಗೋಡೆಯ ಮೇಲೆ ಯಾವುದೋ ದೇಶದ ಕೆಂಪು ಸಂಜೆಯನ್ನು ಹೊದಿಸಿದರೆ, ದೂರದಲ್ಲಿರುವ ಮಗನು ನೋಡುವುದು ತನ್ನೂರನ್ನಲ್ಲ. ಮೋಡವನ್ನು ಓದಿಯೇ ಕಡಲಿಗಿಳಿಯುವ ಮೀನುಗಾರನ ಕಣ್ಣಿಗೆ ಅಂತಹ ಚಿತ್ರದ ಸುಳ್ಳು ಕೂಡಲೇ ತಿಳಿದುಹೋಗುವುದು. ಇದ್ದ ಮೋಡವನ್ನು ಕಾಣುವಂತೆ ಮಾಡುವುದು ತಿದ್ದುಗೆ. ಇಲ್ಲದುದನ್ನು ತಂದಿಡುವುದಾದರೆ ಅದನ್ನು ಚಿತ್ರದ ಕೆಳಗೆ ಬರೆದು ತಿಳಿಸತಕ್ಕದ್ದು.

ತಿದ್ದಿದ ಪ್ರತಿಯನ್ನು ಬೇರೆ ಹೆಸರಿನಲ್ಲಿ ಇಟ್ಟು, ಮೂಲಪ್ರತಿಯನ್ನು ಅಳಿಸದೆ, ಊರು, ತಾರೀಖು, ವೇಳೆ ಇಷ್ಟನ್ನು ಗುರುತು ಹಾಕಿಕೊಂಡಿರಿ.